ಅಭ್ಯಾಸದ ಅಪ್ರೋಚ್ ಮುಗಿದ ಮೇಲೆ: ಸ್ಯಾನ್ ಡಿಯಾಗೊ, ಸೆಪ್ಟೆಂಬರ್ 25, 1978

1978ರ ಸೆಪ್ಟೆಂಬರ್ 25ರ ಬೆಳಿಗ್ಗೆ 9 ಗಂಟೆ 1 ನಿಮಿಷ 47 ಸೆಕೆಂಡಿಗೆ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ನಗರದ ಮೇಲೆ ಎರಡು ವಿಮಾನಗಳು ಡಿಕ್ಕಿಯಾದವು. ಒಂದು, ಪೆಸಿಫಿಕ್ ಸೌತ್‌ವೆಸ್ಟ್ ಏರ್‌ಲೈನ್ಸ್‌ನ (ಪಿಎಸ್‌ಎ) ಫ್ಲೈಟ್ 182, ಬೋಯಿಂಗ್ 727. ಲಾಸ್ ಏಂಜಲಿಸ್‌ನಿಂದ ಬಂದು ಲಿಂಡ್‌ಬರ್ಗ್ ಫೀಲ್ಡ್‌ನಲ್ಲಿ ಇಳಿಯಲಿತ್ತು. ಇನ್ನೊಂದು, ಎರಡು ಐಎಲ್‌ಎಸ್ ಅಪ್ರೋಚ್‌ಗಳ (ರೇಡಿಯೋ ಸಂಕೇತದ ದಾರಿ ಹಿಡಿದು ಓಡುದಾರಿಯತ್ತ ಇಳಿದುಬರುವುದರ) ಅಭ್ಯಾಸ ಮುಗಿಸಿ ಅದೇ ನಿಲ್ದಾಣದಿಂದ ಮೇಲೇರುತ್ತಿದ್ದ ಸೆಸ್ನಾ 172. ಡಿಕ್ಕಿಯಾದದ್ದು ಲಿಂಡ್‌ಬರ್ಗ್‌ನಿಂದ ಈಶಾನ್ಯಕ್ಕೆ ಸುಮಾರು 3 ನಾಟಿಕಲ್ ಮೈಲಿ ದೂರದಲ್ಲಿ, ಸುಮಾರು 2,600 ಅಡಿ ಎತ್ತರದಲ್ಲಿ. ಬೋಯಿಂಗ್‌ನಲ್ಲಿದ್ದ 135 ಮಂದಿ, ಸೆಸ್ನಾದ ಇಬ್ಬರು, ನಾರ್ತ್ ಪಾರ್ಕ್ ಬಡಾವಣೆಯಲ್ಲಿ ನೆಲದ ಮೇಲಿದ್ದ 7 ಮಂದಿ, ಒಟ್ಟು 144 ಜನ ಸತ್ತರು. ಆಕಾಶ ತಿಳಿಯಾಗಿತ್ತು, 10 ಮೈಲಿವರೆಗೆ ಕಾಣುತ್ತಿತ್ತು. ಎರಡೂ ವಿಮಾನಗಳು ರೇಡಾರ್ ಪರದೆಯ ಮೇಲಿದ್ದವು, ಎರಡೂ ಕಂಟ್ರೋಲರ್‌ಗಳ ಜೊತೆ ಮಾತಿನಲ್ಲಿದ್ದವು.

ಈ ಅಪಘಾತವನ್ನು ಸಾಮಾನ್ಯವಾಗಿ ‘ಜೆಟ್‌ನ ಪೈಲಟ್‌ಗಳಿಗೆ ಸಣ್ಣ ವಿಮಾನ ಕಾಣಲಿಲ್ಲ’ ಎಂದು ಹೇಳಿ ಮುಗಿಸುತ್ತಾರೆ. ಅದು ನಿಜ, ಆದರೆ ಅರ್ಧ ಮಾತ್ರ. ವಿಎಫ್‌ಆರ್‌ನಲ್ಲಿ, ಅಂದರೆ ಕಣ್ಣಿನಿಂದ ನೋಡಿ ಹಾರುತ್ತಾ, ಉಪಕರಣ ನೋಡಿ ಇಳಿಯುವ ಇನ್‌ಸ್ಟ್ರುಮೆಂಟ್ ಅಪ್ರೋಚ್ ಅಭ್ಯಾಸ ಮಾಡುವ ವಿಮಾನಕ್ಕೆ ಅಂತರ ಕಾಯುವ ಹೊಣೆ ಯಾರದು, ಅದು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಪ್ರಕರಣ ಸಿಗುವುದು ಕಷ್ಟ. ಅಪಾಯ ಹುಟ್ಟಿದ್ದು ಅಪ್ರೋಚ್‌ನ ನಡುವೆ ಅಲ್ಲ. ಅಪ್ರೋಚ್ ಮುಗಿದು ವಿಮಾನ ಮತ್ತೆ ಮೇಲೇರುವಾಗ.

ವಿಎಫ್‌ಆರ್ ವಿಮಾನ ಐಎಲ್‌ಎಸ್ ಹಿಡಿಯುವುದೆಂದರೆ

ವಿಎಫ್‌ಆರ್ ಎಂದರೆ ಕಣ್ಣಿನಿಂದ ನೋಡಿ ಹಾರುವ ನಿಯಮ. ಮೋಡದಿಂದ ದೂರವಿರುವುದು, ಬೇರೆ ವಿಮಾನವನ್ನು ನೋಡಿ ತಪ್ಪಿಸಿಕೊಳ್ಳುವುದು ಪೈಲಟ್‌ನ ಹೊಣೆ. ಐಎಫ್‌ಆರ್‌ನಲ್ಲಿ, ಅಂದರೆ ಉಪಕರಣ ನೋಡಿ ಹಾರುವ ನಿಯಮದಲ್ಲಿ, ಹಾರುವವರಿಗೆ ಕಂಟ್ರೋಲರ್ ಅಂತರ ಕೊಡುತ್ತಾರೆ. ಅಪ್ರೋಚ್ ರೇಡಾರ್ ವ್ಯಾಪ್ತಿಯಲ್ಲಿ ಅದು ಸಾಮಾನ್ಯವಾಗಿ ಅಡ್ಡಕ್ಕೆ 3 ಮೈಲಿ ಅಥವಾ ಎತ್ತರದಲ್ಲಿ 1,000 ಅಡಿ. ಇನ್‌ಸ್ಟ್ರುಮೆಂಟ್ ರೇಟಿಂಗ್‌ಗೆ ಕಲಿಯುವವರು, ರೇಟಿಂಗ್ ಇದ್ದು ಕೈ ಪಳಗಿಸಿಕೊಳ್ಳಬೇಕಾದವರು ತಿಳಿಯಾದ ದಿನ ವಿಎಫ್‌ಆರ್‌ನಲ್ಲೇ ಹಾರಿ ಈ ಅಪ್ರೋಚ್‌ಗಳನ್ನು ಅಭ್ಯಾಸ ಮಾಡುತ್ತಾರೆ. ಅಮೆರಿಕದ ನಿಯಮದಲ್ಲಿ 6 ತಿಂಗಳಲ್ಲಿ 6 ಅಪ್ರೋಚ್ ಮಾಡಿರಬೇಕು. ಹೀಗಾಗಿ ಫ್ಲೈಟ್ ಪ್ಲಾನ್ ಹಾಕುವ ಗೊಡವೆಯಿಲ್ಲದೆ ಒಂದೇ ಬೆಳಿಗ್ಗೆ ಮೂರು ನಾಲ್ಕು ಅಪ್ರೋಚ್ ಮುಗಿಸಿಬಿಡುವುದು ವಾಡಿಕೆ. ಅಲ್ಲಿನ ಫ್ಲೈಯಿಂಗ್ ಶಾಲೆಗಳಲ್ಲಿ ಕಲಿಯುವ ನಮ್ಮ ಹುಡುಗ ಹುಡುಗಿಯರೂ ಇದನ್ನೇ ಮಾಡುತ್ತಾರೆ.

ಅಭ್ಯಾಸ ಮಾಡುವವರು ಹೊರಗೆ ಕಾಣದಂತೆ ಹಣೆಗೆ ಹುಡ್ ಕಟ್ಟಿಕೊಳ್ಳುತ್ತಾರೆ. ಆಗ ಪಕ್ಕದ ಸೀಟಿನಲ್ಲಿ ಸೇಫ್ಟಿ ಪೈಲಟ್ ಇರಲೇಬೇಕು. ಅವರಿಗೆ ಕನಿಷ್ಠ ಪ್ರೈವೇಟ್ ಪೈಲಟ್ ಲೈಸೆನ್ಸ್, ಆ ಬಗೆಯ ವಿಮಾನದ ರೇಟಿಂಗ್ ಬೇಕು, ಮುಂದೆಯೂ ಎರಡೂ ಬದಿಗೂ ಸಾಕಷ್ಟು ಕಾಣಬೇಕು. ಹಿಂದೆ ಕಾಣಬೇಕೆಂದು ನಿಯಮ ಕೇಳುವುದಿಲ್ಲ. ಕೇಳಿದರೂ ಸೆಸ್ನಾ 172ರಲ್ಲಿ ಪ್ರಯೋಜನವಿಲ್ಲ. ಅದರ ರೆಕ್ಕೆ ತಲೆಯ ಮೇಲಿರುವುದರಿಂದ ಹಿಂದಿನಿಂದ, ಮೇಲಿನಿಂದ ಇಳಿದು ಬರುವ ವಿಮಾನ ಒಳಗೆ ಕೂತವರಿಗೆ ಕಾಣುವುದೇ ಇಲ್ಲ. ಈ ಪ್ರಕರಣದಲ್ಲಿ ಜೆಟ್ ಬಂದದ್ದು ಸರಿಯಾಗಿ ಆ ದಿಕ್ಕಿನಿಂದ.

ಎದುರು ದಿಕ್ಕಿನ ಐಎಲ್‌ಎಸ್

ಲಿಂಡ್‌ಬರ್ಗ್‌ನಲ್ಲಿ ಇರುವುದು ಒಂದೇ ಓಡುದಾರಿ, 9/27. ಪೂರ್ವಕ್ಕೆ ಮುಖಮಾಡಿ ಬಳಸಿದರೆ 9, ಪಶ್ಚಿಮಕ್ಕೆ ಮುಖಮಾಡಿದರೆ 27. ಐಎಲ್‌ಎಸ್ ಇದ್ದದ್ದು 9ಕ್ಕೆ. ಆ ಬೆಳಿಗ್ಗೆ ಜೆಟ್‌ಗಳು ಇಳಿಯುತ್ತಿದ್ದದ್ದು 27ಕ್ಕೆ. ಅಂದರೆ ಅಭ್ಯಾಸದ ವಿಮಾನ ಪಶ್ಚಿಮದಿಂದ ಪೂರ್ವಕ್ಕೆ ಹೊರಟು ಓಡುದಾರಿಯ ಮೇಲೆ ಇಳಿಯದೆ ಹಾದುಹೋಗಬೇಕು, ಪ್ರಯಾಣಿಕ ವಿಮಾನಗಳು ಪೂರ್ವದಿಂದ ಪಶ್ಚಿಮಕ್ಕೆ ಇಳಿಯಬೇಕು.

ಉತ್ತರದಿಂದ ಬರುವ ಜೆಟ್ 27ಕ್ಕೆ ಇಳಿಯಬೇಕಾದರೆ ನಿಲ್ದಾಣದ ಉತ್ತರ ಬದಿಯಲ್ಲಿ ಪೂರ್ವಕ್ಕೆ ಹಾರುತ್ತದೆ. ಇದು ಡೌನ್‌ವಿಂಡ್. ನಿಲ್ದಾಣ ಅದರ ಬಲಕ್ಕಿರುತ್ತದೆ. ಕೆಲವು ಮೈಲಿ ಹೋಗಿ ಬಲಕ್ಕೆ ತಿರುಗಿ, ಮತ್ತೆ ಬಲಕ್ಕೆ ತಿರುಗಿ ಓಡುದಾರಿಗೆ ಎದುರಾಗುತ್ತದೆ. ಇತ್ತ ಸೆಸ್ನಾ ಹೊರಟಿದ್ದ ಮಾಂಟ್‌ಗೊಮೆರಿ ಫೀಲ್ಡ್ ಲಿಂಡ್‌ಬರ್ಗ್‌ನ ಈಶಾನ್ಯ ಬದಿಗಿದೆ. ಅಭ್ಯಾಸ ಮುಗಿಸಿದ ಸೆಸ್ನಾ ಈಶಾನ್ಯಕ್ಕೆ ಮೇಲೇರುತ್ತದೆ. ಎರಡು ಗೆರೆ ಎಳೆದು ನೋಡಿದರೆ ಸಾಕು: ಸೆಸ್ನಾ ಮೇಲೇರುವ ದಾರಿ, ಜೆಟ್ ಕೆಳಗಿಳಿಯುವ ಡೌನ್‌ವಿಂಡ್ ದಾರಿ ಒಂದನ್ನೊಂದು ಕತ್ತರಿಸುತ್ತವೆ. ಅಭ್ಯಾಸದ ಪ್ರತಿ ಸುತ್ತಿನಲ್ಲೂ ಇದೇ ಚಿತ್ರ. ಆ ದಿನ ವಿಶೇಷವಾಗಿ ಏನೋ ಕೆಟ್ಟಿತು ಎನ್ನುವುದಕ್ಕಿಂತ, ಈ ಕತ್ತರಿ ಮೊದಲೇ ಇತ್ತು ಎನ್ನುವುದು ಸರಿ.

ಬರುವ ವಿಮಾನಗಳನ್ನು ರೇಡಾರ್‌ನಲ್ಲಿ ನೋಡಿ ನಡೆಸುವ ಅಪ್ರೋಚ್ ಕಂಟ್ರೋಲ್ ಕೂತಿದ್ದದ್ದು ಮಿರಾಮಾರ್ ನೌಕಾ ವಾಯುನೆಲೆಯಲ್ಲಿ. ಲಿಂಡ್‌ಬರ್ಗ್ ಟವರ್ ನಿಲ್ದಾಣದಲ್ಲೇ. ಎರಡು ಕಡೆ, ಎರಡು ರೇಡಿಯೋ ಫ್ರೀಕ್ವೆನ್ಸಿ. ಇದನ್ನು ನೆನಪಿಟ್ಟುಕೊಂಡೇ ಮುಂದಿನ ಸೆಕೆಂಡುಗಳನ್ನು ನೋಡಬೇಕು.

ಕೊನೆಯ ಐದು ನಿಮಿಷ

8:57ರ ಹೊತ್ತಿಗೆ ಎರಡು ಸಂಗತಿ ನಡೆದವು. ಸೆಸ್ನಾ ಎರಡನೇ ಐಎಲ್‌ಎಸ್ ಮುಗಿಸಿ ಈಶಾನ್ಯಕ್ಕೆ ಏರತೊಡಗಿತು. ಫ್ಲೈಟ್ 182, 9,500 ಅಡಿ ಬಿಟ್ಟು 7,000ಕ್ಕೆ ಇಳಿಯುತ್ತಾ, ನಿಲ್ದಾಣ ಕಾಣುತ್ತಿದೆ ಎಂದಿತು. ಕಂಟ್ರೋಲರ್ 27ಕ್ಕೆ ವಿಷುಯಲ್ ಅಪ್ರೋಚ್, ಅಂದರೆ ಕಣ್ಣಿನಿಂದ ನೋಡಿ ಇಳಿಯುವ, ಅನುಮತಿ ಕೊಟ್ಟರು. ಈ ಅನುಮತಿ ಸಿಕ್ಕ ಮೇಲೆ ಎಷ್ಟು ಇಳಿಯಬೇಕು, ಯಾವಾಗ ಇಳಿಯಬೇಕು ಎಂಬುದು ಪೈಲಟ್‌ಗೆ ಬಿಟ್ಟದ್ದು. ಕೆಳಗೆ ಯಾವ ಮಿತಿಯೂ ಉಳಿಯುವುದಿಲ್ಲ.

8:59:01ಕ್ಕೆ ಟವರ್ ಸೆಸ್ನಾಕ್ಕೆ, ವಿಎಫ್‌ಆರ್‌ನಲ್ಲೇ ಇದ್ದು ಅಪ್ರೋಚ್ ಕಂಟ್ರೋಲ್ ಸಂಪರ್ಕಿಸಿ ಎಂದಿತು.

8:59:28ಕ್ಕೆ ಅಪ್ರೋಚ್ ಕಂಟ್ರೋಲರ್ ಜೆಟ್‌ಗೆ, ಹನ್ನೆರಡು ಗಂಟೆ ದಿಕ್ಕಿನಲ್ಲಿ (ಗಡಿಯಾರದ ಮುಖದಂತೆ ಎಣಿಸಿದರೆ ನೇರ ಮುಂದೆ), ಒಂದು ಮೈಲಿಯಲ್ಲಿ ಉತ್ತರಕ್ಕೆ ಹೋಗುವ ವಿಮಾನವೊಂದಿದೆ ಎಂದರು. ಜೆಟ್ ‘ನೋಡುತ್ತಿದ್ದೇವೆ’ ಎಂದಿತು. 8:59:39ಕ್ಕೆ ಇನ್ನೊಂದು ಸೂಚನೆ: ಹನ್ನೆರಡು ಗಂಟೆ ದಿಕ್ಕು, ಮೂರು ಮೈಲಿ, ನಿಲ್ದಾಣದ ಸ್ವಲ್ಪ ಉತ್ತರಕ್ಕೆ, ಈಶಾನ್ಯಕ್ಕೆ ಹೋಗುತ್ತಿರುವ ಸೆಸ್ನಾ 172, ವಿಎಫ್‌ಆರ್, 1,400 ದಾಟಿ ಏರುತ್ತಿದೆ. ಇದು ಪೂರ್ಣವಾದ ಸೂಚನೆ. ದಿಕ್ಕು, ದೂರ, ವಿಮಾನದ ಬಗೆ, ಎತ್ತರ, ಹೋಗುವ ಕಡೆ ಎಲ್ಲವೂ ಇತ್ತು. ಆದರೆ ಒಂದೇ ಹೊತ್ತಿನಲ್ಲಿ ಹನ್ನೆರಡು ಗಂಟೆ ದಿಕ್ಕಿನ ಎರಡು ವಿಮಾನಗಳನ್ನು ಹೇಳಿದಂತಾಯಿತು. ಕೋ-ಪೈಲಟ್‌ನ ಉತ್ತರ 8:59:50ಕ್ಕೆ ಬಂತು: ಆ ಇನ್ನೊಂದು ಹನ್ನೆರಡು ಸಿಕ್ಕಿತು. ಯಾವುದು ಸಿಕ್ಕಿತು ಎಂದು ಕಂಟ್ರೋಲರ್ ಕೇಳಲಿಲ್ಲ.

ಅದೇ 8:59:50ಕ್ಕೆ ಸೆಸ್ನಾ ಅಪ್ರೋಚ್‌ಗೆ ಕರೆ ಮಾಡಿ 1,500 ಅಡಿಯಲ್ಲಿ ಈಶಾನ್ಯಕ್ಕಿದ್ದೇನೆ ಎಂದಿತು. ಕಂಟ್ರೋಲರ್ ರೇಡಾರ್‌ನಲ್ಲಿ ಗುರುತಿಸಿ, 3,500 ಅಡಿ ಅಥವಾ ಅದಕ್ಕೂ ಕೆಳಗೆ ವಿಎಫ್‌ಆರ್‌ನಲ್ಲಿರಿ, 070 ಡಿಗ್ರಿ ಹಿಡಿಯಿರಿ ಎಂದರು. ಸೆಸ್ನಾ ಒಪ್ಪಿತು.

9:00:15ಕ್ಕೆ ಜೆಟ್‌ಗೆ ಮತ್ತೆ: ಹನ್ನೆರಡು ಗಂಟೆ, ಮೂರು ಮೈಲಿ, 1,700 ದಾಟಿದೆ. ಈ ಬಾರಿ ಯಾವ ಕಡೆಗೆ ಹೋಗುತ್ತಿದೆ ಎಂಬ ಮಾತಿಲ್ಲ. ಕಾಕ್‌ಪಿಟ್‌ನಲ್ಲಿ ಕೋ-ಪೈಲಟ್ ‘ಸಿಕ್ಕಿತು’ ಎಂದರು, ಕ್ಯಾಪ್ಟನ್ 9:00:22ಕ್ಕೆ ‘ಟ್ರಾಫಿಕ್ ಇನ್ ಸೈಟ್’ (ವಿಮಾನ ಕಾಣುತ್ತಿದೆ) ಎಂದು ರೇಡಿಯೋದಲ್ಲಿ ಹೇಳಿದರು. ಒಂದು ಸೆಕೆಂಡಿನಲ್ಲಿ ಉತ್ತರ ಬಂತು: ಮೇಂಟೇನ್ ವಿಷುಯಲ್ ಸೆಪರೇಷನ್ (ಕಣ್ಣಿನಿಂದ ನೋಡಿ ಅಂತರ ಕಾಯ್ದುಕೊಳ್ಳಿ), ಟವರ್ ಸಂಪರ್ಕಿಸಿ. ಆ ಒಂದು ವಾಕ್ಯದಿಂದ ಅಂತರದ ಹೊಣೆ ನೆಲದಿಂದ ಕಾಕ್‌ಪಿಟ್‌ಗೆ ದಾಟಿತು. ಅದೇ ವಾಕ್ಯದಿಂದ ಜೆಟ್ ಬೇರೆ ಫ್ರೀಕ್ವೆನ್ಸಿಗೂ ದಾಟಿತು.

9:00:31ಕ್ಕೆ ಅಪ್ರೋಚ್ ಕಂಟ್ರೋಲರ್ ಸೆಸ್ನಾಕ್ಕೆ, ನಿಮ್ಮ ಆರು ಗಂಟೆ ದಿಕ್ಕಿನಲ್ಲಿ ಎರಡು ಮೈಲಿ ಹಿಂದೆ ಪಿಎಸ್‌ಎ ಜೆಟ್ ಇದೆ, ಪೂರ್ವಕ್ಕೆ ಬರುತ್ತಿದೆ, 3,200 ದಾಟಿ ಇಳಿಯುತ್ತಿದೆ, ನೀವು ಅದಕ್ಕೆ ಕಾಣುತ್ತಿದ್ದೀರಿ ಎಂದರು. ಸೆಸ್ನಾದವರು ಹಿಂದೆ ತಿರುಗಿ ನೋಡಲಾರರು. ಕಾಣುತ್ತಿದ್ದೀರಿ ಎಂದ ಮೇಲೆ ತಾವು ಏನಾದರೂ ಮಾಡಬೇಕೆಂದು ಅವರಿಗೆ ಅನಿಸಲು ಕಾರಣವೂ ಇರಲಿಲ್ಲ.

9:00:38ಕ್ಕೆ ಟವರ್ ಜೆಟ್‌ಗೆ: ಹನ್ನೆರಡು ಗಂಟೆ, ಒಂದು ಮೈಲಿ, ಸೆಸ್ನಾ. ಕ್ಯಾಪ್ಟನ್ ಕೋ-ಪೈಲಟ್‌ಗೆ, ನಾವು ನೋಡುತ್ತಿರುವುದು ಅದೇನಾ ಎಂದು ಕೇಳಿದರು. ಹೌದು, ಆದರೆ ಈಗ ಕಾಣುತ್ತಿಲ್ಲ ಎಂದರು ಕೋ-ಪೈಲಟ್. ವಿಷುಯಲ್ ಸೆಪರೇಷನ್ ಒಪ್ಪಿಕೊಂಡ ಪೈಲಟ್ ಆ ಕ್ಷಣದಲ್ಲಿ ಹೇಳಲೇಬೇಕಾದ ಮಾತು ಒಂದೇ: ಕಾಣುತ್ತಿಲ್ಲ. ರೇಡಿಯೋದಲ್ಲಿ ಹೋದದ್ದು ಬೇರೆ: ಒಂದು ನಿಮಿಷದ ಹಿಂದೆ ಅಲ್ಲಿತ್ತು. ಆರು ಸೆಕೆಂಡಿನ ಮೇಲೆ: ಅದು ನಮ್ಮ ಬಲಕ್ಕೆ ದಾಟಿಹೋಯಿತು ಅನಿಸುತ್ತದೆ. ಟವರ್ ಕಂಟ್ರೋಲರ್ ಇದನ್ನು ‘ಬಲಕ್ಕೆ ದಾಟುತ್ತಿದೆ’ ಎಂದು ಕೇಳಿಸಿಕೊಂಡರು. ದಾಟಿಹೋಯಿತು ಎಂದರೆ ಈಗ ಕಣ್ಣಿಗಿಲ್ಲ ಎಂದರ್ಥ, ದಾಟುತ್ತಿದೆ ಎಂದರೆ ಈಗಲೂ ನೋಡುತ್ತಿದ್ದಾರೆ ಎಂದರ್ಥ. ಟವರ್ ‘ಹೌದು’ ಎಂದು ಸುಮ್ಮನಾಯಿತು.

9:01:11ಕ್ಕೆ ಕೋ-ಪೈಲಟ್‌ಗೆ ಇನ್ನೂ ಅನುಮಾನ: ಆ ಸೆಸ್ನಾದಿಂದ ನಾವು ದೂರ ಬಂದೆವಾ? ಫ್ಲೈಟ್ ಎಂಜಿನಿಯರ್, ಬಂದಿರಬೇಕು ಎಂದರು. ಕ್ಯಾಪ್ಟನ್, ಬಂದಿದ್ದೇವೆ ಅನಿಸುತ್ತದೆ ಎಂದರು. ಹತ್ತು ಸೆಕೆಂಡಿನ ಮೇಲೆ ಕ್ಯಾಪ್ಟನ್, ಡೌನ್‌ವಿಂಡ್‌ಗೆ ತಿರುಗುವ ಮೊದಲು ಒಂದು ಗಂಟೆ ದಿಕ್ಕಿನಲ್ಲಿ ನೋಡಿದ್ದೆ, ಈಗ ಹಿಂದೆ ಉಳಿದಿರಬಹುದು ಎಂದರು.

9:01:28ಕ್ಕೆ ಮಿರಾಮಾರ್‌ನ ಕಂಪ್ಯೂಟರ್ ಕಾನ್‌ಫ್ಲಿಕ್ಟ್ ಅಲರ್ಟ್, ಅಂದರೆ ಎರಡು ವಿಮಾನಗಳು ಡಿಕ್ಕಿಯಾಗಬಹುದು ಎಂಬ ಎಚ್ಚರಿಕೆ, ಕೊಟ್ಟಿತು. ಡಿಕ್ಕಿಗೆ 19 ಸೆಕೆಂಡು ಉಳಿದಿತ್ತು. 9:01:31ಕ್ಕೆ ಜೆಟ್ ಚಕ್ರ ಇಳಿಸಿತು. 9:01:47ಕ್ಕೆ ಅಪ್ರೋಚ್ ಕಂಟ್ರೋಲರ್ ಸೆಸ್ನಾಕ್ಕೆ, ನಿಮ್ಮ ಹತ್ತಿರ ಪಿಎಸ್‌ಎ ಜೆಟ್ ಇದೆ, ನೀವು ಅದಕ್ಕೆ ಕಾಣುತ್ತಿದ್ದೀರಿ ಎಂದು ಮತ್ತೆ ಹೇಳಿದರು. ಉತ್ತರ ಬರಲಿಲ್ಲ.

ಕಣ್ಣು ಸೋತದ್ದೇಕೆ

9:00:15ಕ್ಕೆ ಸೆಸ್ನಾ 1,700 ಅಡಿಯಲ್ಲಿತ್ತು. 92 ಸೆಕೆಂಡಿನ ಮೇಲೆ 2,600ರಲ್ಲಿತ್ತು. ಅಂದರೆ ನಿಮಿಷಕ್ಕೆ ಸುಮಾರು 590 ಅಡಿ ಏರಿಕೆ, 172ಕ್ಕೆ ಸಹಜವಾದದ್ದು. ಜೆಟ್ 9:00:31ಕ್ಕೆ 3,200 ದಾಟುತ್ತಿತ್ತು, 76 ಸೆಕೆಂಡಿನಲ್ಲಿ 2,600ಕ್ಕೆ ಬಂತು. ನಿಮಿಷಕ್ಕೆ ಸುಮಾರು 470 ಅಡಿ ಇಳಿಕೆ. ಎರಡೂ ಮೃದುವಾದ ಚಲನೆಗಳು. ಸೇರಿಸಿದರೆ ಎತ್ತರದ ಅಂತರ ನಿಮಿಷಕ್ಕೆ 1,000 ಅಡಿಗಿಂತ ಹೆಚ್ಚು ವೇಗದಲ್ಲಿ ಕರಗುತ್ತಿತ್ತು. ಇಬ್ಬರಲ್ಲಿ ಯಾರಿಗೂ ಅದು ಅನುಭವಕ್ಕೆ ಬರುವಂಥದ್ದಲ್ಲ, ಪರದೆಯ ಮೇಲೆ ಎರಡೂ ವಿಮಾನಗಳ ಎತ್ತರದ ಅಂಕಿ ನೋಡುವವರಿಗೆ ಮಾತ್ರ ಕಾಣುವಂಥದ್ದು.

ಅಡ್ಡಕ್ಕೆ ನೋಡಿದರೆ, 070 ಹಿಡಿಯಬೇಕಾಗಿದ್ದ ಸೆಸ್ನಾ ಸುಮಾರು 090ಕ್ಕೆ ತಿರುಗಿತ್ತು. ಏಕೆಂದು ತಿಳಿಸಲು ಅದರಲ್ಲಿದ್ದವರು ಉಳಿಯಲಿಲ್ಲ. ಪರಿಣಾಮ ಮಾತ್ರ ಖಚಿತ: 090 ಎಂದರೆ ಜೆಟ್‌ನ ಡೌನ್‌ವಿಂಡ್ ದಿಕ್ಕೇ. ಅಡ್ಡ ಹಾಯ್ದು ಹೋಗಬೇಕಾದ ವಿಮಾನ ಜೆಟ್‌ನ ಮುಂದೆ, ಕೆಳಗೆ, ಅದೇ ದಿಕ್ಕಿನಲ್ಲಿ ಹಾರತೊಡಗಿತು. ಅಡ್ಡ ಹಾಯುವ ವಿಮಾನ ಗಾಜಿನ ಮೇಲೆ ಸರಿಯುತ್ತದೆ, ಸರಿಯುವುದು ಕಣ್ಣಿಗೆ ಬೀಳುತ್ತದೆ. ಡಿಕ್ಕಿಯ ದಾರಿಯಲ್ಲಿರುವ ವಿಮಾನ ಗಾಜಿನ ಮೇಲೆ ಅಲುಗದೆ ನಿಂತಿರುತ್ತದೆ, ಕೊನೆಯ ಕೆಲವೇ ಸೆಕೆಂಡುಗಳಲ್ಲಿ ದೊಡ್ಡದಾಗುತ್ತದೆ. ಇಲ್ಲಿ ಅದು ನಿಂತಿದ್ದ ಜಾಗ ಬೋಯಿಂಗ್‌ನ ಗಾಜಿನ ಕೆಳ ಅಂಚು. ಅದರ ಹಿಂದೆ ನೀಲಿ ಆಕಾಶವಿರಲಿಲ್ಲ, ನಗರದ ಮನೆಗಳ ಮಾಡುಗಳಿದ್ದವು. ಸೀಟು ಸ್ವಲ್ಪ ತಗ್ಗಿಸಿ ಕೂತಿದ್ದರೆ ಆ ಅಂಚೂ ಇಲ್ಲ.

ಇದಕ್ಕೇ ‘ಟ್ರಾಫಿಕ್ ಇನ್ ಸೈಟ್’ ಎಂಬ ಮಾತನ್ನು ಒಂದು ಕ್ಷಣದ ಸತ್ಯವೆಂದಷ್ಟೇ ತೆಗೆದುಕೊಳ್ಳಬೇಕು. ಸಣ್ಣ ವಿಮಾನ ಮುಂದೆ, ಕೆಳಗೆ, ನಗರದ ಹಿನ್ನೆಲೆಯಲ್ಲಿ ಇದ್ದಾಗಲಂತೂ ಅದನ್ನೇ ನಂಬಿ ಬೇರೆ ಎಲ್ಲ ಅಂತರವನ್ನೂ ಬಿಟ್ಟುಕೊಡುವುದು ತಪ್ಪು.

500 ಅಡಿ ಎಲ್ಲಿ ಹೋಯಿತು

ಇಲ್ಲಿ ಒಂದು ವಿವರವನ್ನು ಹತ್ತಿರದಿಂದ ನೋಡಬೇಕು. ಸೆಸ್ನಾಕ್ಕೆ ಕೊಟ್ಟ ಮಿತಿ ‘3,500 ಅಥವಾ ಕೆಳಗೆ’. ತನಿಖಾ ಮಂಡಳಿಯ ಸದಸ್ಯ ಫ್ರಾನ್ಸಿಸ್ ಮೆಕಾಡಮ್ಸ್ ತಮ್ಮ ಭಿನ್ನಮತದಲ್ಲಿ ಎತ್ತಿ ತೋರಿಸಿದ ಒಂದು ಅಂಶ, ಮಾಂಟ್‌ಗೊಮೆರಿ ಫೀಲ್ಡ್‌ನ ವಲಯ ದಾಟುವವರೆಗೆ ಜೆಟ್ ಅನ್ನು 4,000 ಅಡಿಯಲ್ಲಿ ನಿಲ್ಲಿಸಲಿಲ್ಲ ಎನ್ನುವುದು. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟರೆ ಕೆಳಗೆ ಸೆಸ್ನಾಕ್ಕೆ 3,500ರ ಮಾಡು (ಮೇಲ್ಮಿತಿ), ಮೇಲೆ ಜೆಟ್‌ಗೆ 4,000ದ ನೆಲ (ಕೆಳಮಿತಿ). ನಡುವೆ 500 ಅಡಿ. ಯಾರೂ ಯಾರನ್ನೂ ನೋಡಬೇಕಿಲ್ಲ, 070 ತಪ್ಪಿ 090 ಆದರೂ ಪರವಾಗಿಲ್ಲ, ಹುಡ್ ಕಟ್ಟಿದ್ದರೂ ಪರವಾಗಿಲ್ಲ.

ಮಾಡು ಕೊಟ್ಟರು, ನೆಲ ಕೊಡಲಿಲ್ಲ. ವಿಷುಯಲ್ ಅಪ್ರೋಚ್ ಅನುಮತಿ ಕೊಟ್ಟ ಕ್ಷಣದಲ್ಲಿ ನೆಲ ಹೋಯಿತು. ಒಂದು ವಿಮಾನಕ್ಕೆ ಮಾತ್ರ ಕೊಟ್ಟ ಎತ್ತರದ ಮಿತಿ ಅಂತರ ಅಲ್ಲ. ಕಾಗದದ ಮೇಲೆ ಬರೆದಾಗ ಅಂತರದಂತೆ ಕಾಣುತ್ತದೆ ಅಷ್ಟೆ.

ಇನ್ನೊಂದು ಬಿರುಕು ಫ್ರೀಕ್ವೆನ್ಸಿಯದು. ಅಲರ್ಟ್ ಬಂದದ್ದು ಮಿರಾಮಾರ್‌ನಲ್ಲಿ, ಅಲ್ಲಿನವರ ಮಾತಿಗೆ ಸಿಗುತ್ತಿದ್ದದ್ದು ಸೆಸ್ನಾ ಮಾತ್ರ. ಜೆಟ್ ಟವರ್‌ನ ಫ್ರೀಕ್ವೆನ್ಸಿಯಲ್ಲಿತ್ತು. ಜೆಟ್ ತಿರುಗಿಸಬೇಕೆಂದರೆ ಟವರ್‌ಗೆ ಲೈನಿನಲ್ಲಿ ಹೇಳಿ, ಟವರ್ ಜೆಟ್‌ಗೆ ಹೇಳಬೇಕು. 19 ಸೆಕೆಂಡಿನಲ್ಲಿ ಅದು ಬಹಳ ಬಿಗಿಯಾದ ಕೆಲಸ. ಆದರೆ ಸೆಸ್ನಾಕ್ಕೆ ತಕ್ಷಣ ಎಡಕ್ಕೆ ತಿರುಗಿ, ಏರುವುದು ನಿಲ್ಲಿಸಿ ಎನ್ನಲು ಯಾವ ಅಡ್ಡಿಯೂ ಇರಲಿಲ್ಲ. ಅಂಥ ಅಲರ್ಟ್‌ಗಳು ದಿನವೂ ಹಲವು ಬಾರಿ ಬಂದು ಏನೂ ಮಾಡಬೇಕಾಗದೆ ಹೋಗುತ್ತಿದ್ದವು, ಜೊತೆಗೆ ಜೆಟ್ ‘ಕಾಣುತ್ತಿದೆ’ ಎಂದಿತ್ತಲ್ಲ ಎಂಬ ನಂಬಿಕೆ. ಘರ್ಷಣೆಯಲ್ಲಿರುವ ಎರಡು ವಿಮಾನಗಳನ್ನು ಅವು ಪರಸ್ಪರ ದಾಟುವ ಮೊದಲೇ ಎರಡು ಫ್ರೀಕ್ವೆನ್ಸಿಗೆ ಹಂಚಿದ್ದು ಸಣ್ಣ ಸಂಗತಿಯಲ್ಲ.

ತೀರ್ಮಾನ, ತಿದ್ದಿದ ತೀರ್ಮಾನ

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 1979ರ ಏಪ್ರಿಲ್‌ನಲ್ಲಿ ಕೊಟ್ಟ ವರದಿಯಲ್ಲಿ ಮುಖ್ಯ ಕಾರಣ ಜೆಟ್‌ನ ಸಿಬ್ಬಂದಿಯದು: ವಿಷುಯಲ್ ಸೆಪರೇಷನ್ ಷರತ್ತು ಪಾಲಿಸಲಿಲ್ಲ, ಸೆಸ್ನಾ ಕಣ್ಣಿಗೆ ತಪ್ಪಿದ್ದನ್ನು ತಿಳಿಸಲಿಲ್ಲ. ಪೂರಕ ಕಾರಣ, ಅಡ್ಡಕ್ಕೋ ಎತ್ತರದಲ್ಲೋ ರೇಡಾರ್ ಅಂತರ ಕೊಡುವ ಸಾಮರ್ಥ್ಯವಿದ್ದಾಗಲೂ ವಿಷುಯಲ್ ಸೆಪರೇಷನ್ ಬಳಸಲು ಬಿಟ್ಟ ನಿಯಂತ್ರಣ ವಿಧಾನ. ಮೆಕಾಡಮ್ಸ್ ಇದನ್ನು ಒಪ್ಪಲಿಲ್ಲ. ಆ ವಿಧಾನ ಪೂರಕವಲ್ಲ, ಮುಖ್ಯ ಕಾರಣದಲ್ಲೇ ಬರಬೇಕು ಎಂಬುದು ಅವರ ವಾದ. ಜೆಟ್‌ನವರು ನೋಡಿದ್ದು ಬೇರೊಂದು ಮೂರನೇ ವಿಮಾನವಿರಬಹುದು ಎಂಬ ಸಾಧ್ಯತೆಯನ್ನೂ ಅವರು ಎತ್ತಿದರು. 1982ರಲ್ಲಿ ಮಂಡಳಿ ತನ್ನ ತೀರ್ಮಾನ ತಿದ್ದಿತು. ನಿಯಂತ್ರಣ ವಿಧಾನ ಮುಖ್ಯ ಕಾರಣಕ್ಕೆ ಏರಿತು. ಸೆಸ್ನಾ ಹೋಗುತ್ತಿದ್ದ ದಿಕ್ಕನ್ನು ಜೆಟ್‌ಗೆ ಹೇಳದಿದ್ದದ್ದು, ಸೆಸ್ನಾ ಕೊಟ್ಟ ದಿಕ್ಕು ಬಿಟ್ಟದ್ದು, ಅಲರ್ಟ್ ಅನ್ನು ಸರಿಯಾಗಿ ನಿಭಾಯಿಸದಿದ್ದದ್ದು ಪೂರಕ ಕಾರಣಗಳಾದವು. ತಿದ್ದಿದ ತೀರ್ಮಾನವೇ ನ್ಯಾಯವಾದದ್ದು. ಸಿಬ್ಬಂದಿಯ ಲೋಪ ನಿಜ, ಆದರೆ ಒಬ್ಬರ ಕಣ್ಣು ತಪ್ಪಿದೊಡನೆ ಬೇರೇನೂ ಉಳಿಯದಂತೆ ಮಾಡಿದ್ದು ವಿಧಾನ.

ಇದೇ ಸನ್ನಿವೇಶ, ಇಂದಿನ ನಿಯಮ

ಅಮೆರಿಕದ ಕಂಟ್ರೋಲರ್‌ಗಳ ಕೈಪಿಡಿಯಲ್ಲಿ, ಅಂದರೆ ಅಲ್ಲಿನ ವಿಮಾನಯಾನ ಆಡಳಿತವಾದ ಎಫ್‌ಎಎಯ ಆದೇಶ 7110.65ರಲ್ಲಿ, ಅಭ್ಯಾಸದ ಅಪ್ರೋಚ್‌ಗೆಂದೇ ಒಂದು ಭಾಗವಿದೆ. ಅದನ್ನು ಈ ಪ್ರಕರಣದ ಮೇಲೆ ಇಟ್ಟು ಓದಿದರೆ ಪ್ರತಿ ಸಾಲಿನ ಬೆಲೆ ತಿಳಿಯುತ್ತದೆ.

ಮೊದಲನೆಯದು, ಅಭ್ಯಾಸದಿಂದ ಬರುವ ಹೋಗುವ ವಿಮಾನಗಳ ಓಟಕ್ಕೆ ತೊಡಕಾಗಬಾರದು. ತೊಡಕಾಗುವುದಾದರೆ ಕಂಟ್ರೋಲರ್ ಅಭ್ಯಾಸವನ್ನು ನಿರಾಕರಿಸಬಹುದು, ಕೊಟ್ಟ ಅನುಮತಿ ಹಿಂಪಡೆಯಬಹುದು. ಈಗಾಗಲೇ ನಡೆಯುತ್ತಿರುವ ಅಪ್ರೋಚ್ ಅನ್ನು ಮಾತ್ರ ಸಾಮಾನ್ಯವಾಗಿ ಮಧ್ಯದಲ್ಲಿ ನಿಲ್ಲಿಸಬಾರದು. ಜೆಟ್‌ಗಳು 27ಕ್ಕೆ ಇಳಿಯುವಾಗ 9ರ ಐಎಲ್‌ಎಸ್ ಕೇಳಿದರೆ ‘ಈಗ ಆಗುವುದಿಲ್ಲ’ ಎನ್ನುವುದಕ್ಕೆ ಇಷ್ಟೇ ಸಾಕು.

ಎರಡನೆಯದು, ವಿಎಫ್‌ಆರ್ ಅಭ್ಯಾಸಕ್ಕೆ ಐಎಫ್‌ಆರ್ ಅಂತರ ಕೊಡುವುದೆಂದು ಆ ನಿಲ್ದಾಣದ ವಿಧಾನ ಹೇಳಿದರೆ, ಅಪ್ರೋಚ್ ಅನುಮತಿ ಜಾರಿಗೆ ಬರುವ ಬಿಂದುವಿನಿಂದ ಆ ಹೊಣೆ ಕಂಟ್ರೋಲರ್‌ನದು. ಎತ್ತರದಲ್ಲಿ 1,000ದ ಬದಲು 500 ಅಡಿ ಸಾಕು. ಸೂಪರ್, ಹೆವಿ ಎಂಬ ಭಾರಿ ತೂಕದ ವರ್ಗದ ವಿಮಾನಗಳು, ಬೋಯಿಂಗ್ 757 ಇದ್ದರೆ ಆ ರಿಯಾಯಿತಿ ಇಲ್ಲ. ಅವುಗಳ ರೆಕ್ಕೆಯ ಸುಳಿಗಾಳಿ ಕೆಳಗಿಳಿಯುತ್ತದೆ, ಸಣ್ಣ ವಿಮಾನಕ್ಕೆ 500 ಅಡಿ ಕೆಳಗಿನ ಜಾಗ ಸುರಕ್ಷಿತವಲ್ಲ.

ಮೂರನೆಯದು, ಅಂತರ ಕೊಡದ ಕಡೆ ಅದನ್ನು ಬಾಯಿಬಿಟ್ಟು ಹೇಳಬೇಕು. ರೇಡಿಯೋದಲ್ಲಿ ಬರುವ ಮಾತು: ‘ಮೇಂಟೇನ್ ವಿಎಫ್‌ಆರ್, ಪ್ರಾಕ್ಟೀಸ್ ಅಪ್ರೋಚ್ ಅಪ್ರೂವ್ಡ್, ನೋ ಸೆಪರೇಷನ್ ಸರ್ವಿಸಸ್ ಪ್ರೊವೈಡೆಡ್.’ ದಿಕ್ಕು, ಎತ್ತರ, ಅಪ್ರೋಚ್ ಎಲ್ಲವನ್ನೂ ಕಂಟ್ರೋಲರ್ ಹೇಳುತ್ತಿರುವಾಗ ಅಂತರವನ್ನೂ ಅವರೇ ನೋಡಿಕೊಳ್ಳುತ್ತಿದ್ದಾರೆ ಎಂದು ಅಭ್ಯಾಸಿ ನಂಬಿಬಿಡುವುದು ಬಹಳ ಸುಲಭ. ಆ ವಾಕ್ಯ ಕೇಳಿಸಿದ ಮೇಲೆ ಸೇಫ್ಟಿ ಪೈಲಟ್‌ನ ಕಣ್ಣು ಒಳಗಿನ ಉಪಕರಣಗಳ ಮೇಲೆ ಇರಬಾರದು.

ನಾಲ್ಕನೆಯದು ಈ ಪ್ರಕರಣದ ತಿರುಳಿಗೇ ತಾಗುತ್ತದೆ. ಐಎಫ್‌ಆರ್ ವಿಮಾನಕ್ಕೆ ಮಿಸ್ಡ್ ಅಪ್ರೋಚ್ (ಇಳಿಯದೆ ನಿಗದಿತ ದಾರಿಯಲ್ಲಿ ಮತ್ತೆ ಮೇಲೇರುವುದು) ತಾನಾಗಿ ಸಿಗುತ್ತದೆ. ವಿಎಫ್‌ಆರ್ ಅಭ್ಯಾಸದ ವಿಮಾನಕ್ಕೆ ಸಿಗುವುದಿಲ್ಲ. ಪೈಲಟ್ ಪ್ರತ್ಯೇಕವಾಗಿ ಕೇಳಬೇಕು, ಕಂಟ್ರೋಲರ್ ಒಪ್ಪಬೇಕು, ಒಪ್ಪಿದ ಮೇಲೆ ಆ ಇಡೀ ಏರಿಕೆಯ ಉದ್ದಕ್ಕೂ ಅಂತರ ಕೊಡಬೇಕು. ಲೋ ಅಪ್ರೋಚ್ ಮಾಡುವ, ಅಂದರೆ ಓಡುದಾರಿ ಮುಟ್ಟದೆ ಮೇಲೆ ಹಾದುಹೋಗುವ, ವಿಮಾನ ಓಡುದಾರಿಯ ತುದಿ ದಾಟುವವರೆಗೆ ಬರುವ ವಿಮಾನ, ದಾಟಿದ ಕ್ಷಣದಿಂದ ಹೊರಡುವ ವಿಮಾನ. ಹಾಗಾಗಿ ಕೊನೆಯ ಇಳಿತ ಶುರುವಾಗುವ ಮೊದಲೇ ಏರುವಾಗಿನ ಸೂಚನೆ ಕೊಡಬೇಕು, ಅದರಲ್ಲಿ ನಿರ್ದಿಷ್ಟ ದಿಕ್ಕು ಅಥವಾ ದಾರಿ, ಎತ್ತರ ಇರಬೇಕು. ವಿಮಾನ ವಿಎಫ್‌ಆರ್‌ನಲ್ಲೇ ಇದ್ದು ಟವರ್ ಸಂಪರ್ಕಿಸುವುದಾದರೆ ಈ ಸೂಚನೆಗೆ ವಿನಾಯಿತಿ ಉಂಟು. ಆ ವಿನಾಯಿತಿ ಬಳಸುವಲ್ಲಿ ಎದುರು ದಿಕ್ಕಿನ ಅಪ್ರೋಚ್‌ಗಳಿದ್ದರೆ ಸ್ಯಾನ್ ಡಿಯಾಗೊದ ಚಿತ್ರ ಮತ್ತೆ ಹುಟ್ಟುತ್ತದೆ, ಅಂಥ ಕಡೆ ದಿಕ್ಕು ಎತ್ತರ ಹೇಳಿಯೇ ಬಿಡುವುದು ಸರಿ.

ಎತ್ತರ ಕೊಡುವಾಗ ಒಂದು ತೊಡಕಿದೆ. ‘ಇಷ್ಟು ಅಥವಾ ಕೆಳಗೆ’ ಎಂದು ಕೊಟ್ಟರೂ ಆ ಅಂಕಿ ಆ ಜಾಗದ ಕನಿಷ್ಠ ವೆಕ್ಟರಿಂಗ್ ಎತ್ತರಕ್ಕಿಂತ (ಕಂಟ್ರೋಲರ್ ದಿಕ್ಕು ಕೊಟ್ಟು ನಡೆಸಬಹುದಾದ ಅತಿ ಕಡಿಮೆ ಎತ್ತರಕ್ಕಿಂತ) ಕಡಿಮೆ ಇರಬಾರದು. ಅಂದರೆ ಸಣ್ಣ ವಿಮಾನವನ್ನು ಬೇಕಾದಷ್ಟು ಕೆಳಗೆ ಒತ್ತಿ ಹಿಡಿಯಲಾಗುವುದಿಲ್ಲ. ಆಗ ಜೆಟ್ ಅನ್ನೇ ಮೇಲೆ ನಿಲ್ಲಿಸಬೇಕು: 4,000ದಲ್ಲಿರಿ, ಸೆಸ್ನಾ ನಿಮ್ಮ ದಾರಿ ದಾಟಿದ ಮೇಲೆ ವಿಷುಯಲ್ ಅಪ್ರೋಚ್. ಜೆಟ್‌ಗೆ ಇದರಿಂದ ಡೌನ್‌ವಿಂಡ್ ಒಂದೆರಡು ಮೈಲಿ ಉದ್ದವಾಗಬಹುದು, ಅಷ್ಟೇ ಬೆಲೆ.

ವಿಷುಯಲ್ ಸೆಪರೇಷನ್ ಈಗಲೂ ಉಂಟು. ಆದರೆ ಬೇರೆ ವಿಮಾನದ ಜಾಗದ ಜೊತೆ ಅದು ಹೋಗುವ ದಿಕ್ಕು, ಬಗೆ, ಅದರ ಉದ್ದೇಶ ಹೇಳಬೇಕು. ಎರಡೂ ಗುರುತುಗಳು ಹತ್ತಿರವಾಗುವಂತಿದ್ದರೆ ಎಚ್ಚರಿಸಬೇಕು. ಕಣ್ಣಿಗೆ ತಪ್ಪಿದರೆ ಪೈಲಟ್ ಕೂಡಲೇ ಹೇಳಬೇಕು.

ಸ್ಯಾನ್ ಡಿಯಾಗೊದ ಸುತ್ತಲಿನ ಆಕಾಶ 1980ರಲ್ಲಿ ಟರ್ಮಿನಲ್ ಕಂಟ್ರೋಲ್ ಏರಿಯಾ ಆಯಿತು, ಇಂದಿನ ಹೆಸರು ಕ್ಲಾಸ್ ಬಿ. ಅದರೊಳಗೆ ಅನುಮತಿಯಿಲ್ಲದೆ ಸಣ್ಣ ವಿಮಾನವೂ ಬರುವಂತಿಲ್ಲ. ಅಲ್ಲಿ ವಿಎಫ್‌ಆರ್ ವಿಮಾನಕ್ಕೂ ಜೆಟ್‌ಗೂ ನಡುವೆ 1.5 ಮೈಲಿ, ಇಲ್ಲವೇ 500 ಅಡಿ, ಇಲ್ಲವೇ ವಿಷುಯಲ್ ಸೆಪರೇಷನ್ ಇರಲೇಬೇಕು. ಮಾಂಟ್‌ಗೊಮೆರಿಯ 28 ಬಲ ಓಡುದಾರಿಗೂ ಕಾರ್ಲ್ಸ್‌ಬ್ಯಾಡ್‌ನ ಪಾಲೊಮಾರ್‌ನ 24ಕ್ಕೂ ಐಎಲ್‌ಎಸ್ ಬಂದಿದೆ, ಅಭ್ಯಾಸಕ್ಕೆ ಲಿಂಡ್‌ಬರ್ಗ್‌ಗೇ ಹೋಗಬೇಕಿಲ್ಲ. ಜೆಟ್‌ನೊಳಗೆ ಟಿಕ್ಯಾಸ್ ಎಂಬ ಡಿಕ್ಕಿ ಎಚ್ಚರಿಕೆಯ ಉಪಕರಣ ಕಡ್ಡಾಯವಾದದ್ದು 1986ರಲ್ಲಿ ಕ್ಯಾಲಿಫೋರ್ನಿಯಾದ ಸೆರಿಟೋಸ್ ಮೇಲೆ ಆದ ವಿಮಾನ ಡಿಕ್ಕಿಯ ನಂತರದ ಕಾನೂನಿನಿಂದ. ಸೆಸ್ನಾದ ಎತ್ತರದ ಅಂಕಿ ಕಂಟ್ರೋಲರ್ ಪರದೆಯಲ್ಲಿ ಕಾಣುತ್ತಿತ್ತಾದ್ದರಿಂದ, ಟಿಕ್ಯಾಸ್ ಇದ್ದಿದ್ದರೆ 2,600 ಅಡಿಯಲ್ಲಿ ಅದು ಮಾತಾಡುತ್ತಿತ್ತು.

ಅಭ್ಯಾಸಕ್ಕೆ ಹೊರಡುವವರಿಗೆ

ಮೊದಲ ಕರೆಯಲ್ಲೇ ಮೂರು ಸಂಗತಿ ಹೇಳಿ: ಯಾವ ಅಪ್ರೋಚ್, ಅದು ಹೇಗೆ ಮುಗಿಯುತ್ತದೆ (ಇಳಿದು ನಿಲ್ಲುವುದೋ, ಚಕ್ರ ಮುಟ್ಟಿಸಿ ಮತ್ತೆ ಏರುವ ಟಚ್ ಅಂಡ್ ಗೋವೋ, ಲೋ ಅಪ್ರೋಚೋ), ಮಿಸ್ಡ್ ಅಪ್ರೋಚ್ ಬೇಕೋ ಬೇಡವೋ. ಏರುವ ದಿಕ್ಕು, ಎತ್ತರ ಕೊನೆಯ ಇಳಿತಕ್ಕೆ ಮುಂಚೆ ಸಿಗದಿದ್ದರೆ ಕೇಳಿ ಪಡೆಯಿರಿ. ಓಡುದಾರಿಯ ಮೇಲೆ ಹಾದು, ಪೂರ್ತಿ ಶಕ್ತಿ ಕೊಟ್ಟು, ಫ್ಲ್ಯಾಪ್ ಎತ್ತುತ್ತಾ ಕೇಳುವ ಹೊತ್ತು ಅದಲ್ಲ.

ಏರಿಕೆಯ ಶುರುವಿನಲ್ಲೇ ಹುಡ್ ತೆಗೆಯುವುದು ಒಳ್ಳೆಯದು, ಎದುರು ದಿಕ್ಕಿನ ಸಂಚಾರವಿದ್ದರೆ ತೆಗೆಯಲೇಬೇಕು. ಕೊಟ್ಟ ದಿಕ್ಕಿನಲ್ಲಿ ಇರಲಾಗದಿದ್ದರೆ, ಮೋಡ ಅಡ್ಡ ಬಂದಿದ್ದರೆ, ತಿರುಗುವ ಮೊದಲು ಹೇಳಿ. ಕಂಟ್ರೋಲರ್ ಕೊಟ್ಟ ದಿಕ್ಕು ಮೋಡದೊಳಗೆ ಒಯ್ಯುವುದಾದರೆ ವಿಎಫ್‌ಆರ್ ಪೈಲಟ್ ಆಗುವುದಿಲ್ಲ ಎನ್ನಲೇಬೇಕು, ‘ಮೇಂಟೇನ್ ವಿಎಫ್‌ಆರ್’ ಎಂದರೆ ಅದೇ.

ಹಿಂದಿನಿಂದ ಜೆಟ್ ಬರುತ್ತಿದೆ, ನೀವು ಅದಕ್ಕೆ ಕಾಣುತ್ತಿದ್ದೀರಿ ಎಂದು ಕೇಳಿಸಿದರೆ ಅದು ಹೊಣೆ ಮುಗಿಯಿತು ಎಂಬ ಸೂಚನೆ ಅಲ್ಲ. ಹಿಂದಿಕ್ಕುವ ವಿಮಾನವೇ ಪಕ್ಕಕ್ಕೆ ಸರಿಯಬೇಕೆಂದು ನಿಯಮ ಹೇಳುತ್ತದೆ ನಿಜ. ಆದರೆ ಅದು ಎಷ್ಟು ದೂರ, ಎಷ್ಟು ಎತ್ತರ ಎಂದು ಮತ್ತೆ ಕೇಳುವುದಕ್ಕೆ ನಿಮಗೆ ಹಕ್ಕಿದೆ. ಉತ್ತರದಲ್ಲಿ ಎತ್ತರದ ಅಂತರ ಕರಗುತ್ತಿರುವುದು ಗೊತ್ತಾದರೆ ಏರುವುದು ನಿಲ್ಲಿಸಿ, ‘ಲೆವೆಲಿಂಗ್ ಆಫ್ ಅಟ್ 2,000’ ಎಂದು ಹೇಳಿ ಅಲ್ಲೇ ಇರಿ. ಇಬ್ಬರಲ್ಲಿ ಒಬ್ಬರ ಕಣ್ಣಿಗೆ ಇನ್ನೊಬ್ಬರು ತಪ್ಪಿದಾಗ ರೇಡಿಯೋದಲ್ಲಿ ಹೇಳಬೇಕಾದದ್ದು ‘ಆಗ ಅಲ್ಲಿತ್ತು’ ಅಲ್ಲ, ‘ನೆಗೆಟಿವ್ ಕಾಂಟ್ಯಾಕ್ಟ್’, ಅಂದರೆ ಕಾಣುತ್ತಿಲ್ಲ. ಅದನ್ನು ಕೇಳಿದ ಕಂಟ್ರೋಲರ್ ಒಂದು ವಿಮಾನಕ್ಕೆ ದಿಕ್ಕು, ಇನ್ನೊಂದಕ್ಕೆ ಎತ್ತರ ಕೊಟ್ಟು ಅಂತರದ ಹೊಣೆಯನ್ನು ಮತ್ತೆ ತಮ್ಮ ಕೈಗೆ ತೆಗೆದುಕೊಳ್ಳಬೇಕು.